ವೀಣಾ ಮೊದಲೇ ಹೇಳಿದ್ದಳು

ವೀಣಾ, ಅಂದು ಮೀಟಿಂಗಿನಲ್ಲಿ ನಾನು ಹೇಳಿದ್ದು ಸುಳ್ಳು. ಗಾಬರಿಯಲ್ಲಿ ಬಾಯಿ ತಪ್ಪಿದ್ದಲ್ಲ — ಗೊತ್ತಿದ್ದೇ ಹೇಳಿದೆ.

ಕುಂದಲಹಳ್ಳಿಯ ಆಫೀಸಿನಲ್ಲಿ ನಾವಿಬ್ಬರೂ ವಿನ್ಯಾಸ ಮಾಡುತ್ತಿದ್ದದ್ದು ಕಾರಿನ ತಳಕ್ಕೆ ಕೂರಿಸುವ ಪ್ಲಾಸ್ಟಿಕ್ ಕವರನ್ನು. ಆ ಕಾರುಗಳು ಓಡುವುದು ಹಿಮ ಬೀಳುವ ದೇಶದಲ್ಲಿ. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ನನಗೆ ಅದು ಬರೀ ಓದಿದ ಮಾತು. ಕಾರವಾರದಲ್ಲಿ ಬೆಳೆದ ನಿನಗೆ ಹಾಗಲ್ಲ.

“ಮೇಡಂ, ನಮ್ಮೂರ ಮೀನಿನ ಲಾರಿ ನೋಡಿದ್ದೀರಾ? ಮೇಲೆ ಹೊಸ ಪೇಂಟು, ತಳಕ್ಕೆ ಕೈ ಹಾಕಿದ್ರೆ ಉಪ್ಪುನೀರಿಗೆ ಕಬ್ಬಿಣ ಪುಡಿಪುಡಿ. ಈ ಕವರಿಗೆ ನೀರು ಇಳಿಯೋಕೆ ತೂತು ಬೇಕೇ ಬೇಕು,” ಅಂದಿದ್ದೆ ನೀನು.

ನಕ್ಷೆಯಲ್ಲಿ ನೀನು ಹಾಕಿದ್ದ ತೂತುಗಳನ್ನು ನಾನೇ ಅಳಿಸಿದೆ. ತಳ ನುಣ್ಣಗಿದ್ದರೆ ಗಾಳಿ ಸಲೀಸಾಗಿ ಸರಿಯುತ್ತದೆ, ಪರೀಕ್ಷೆಯ ಫಲಿತಾಂಶ ಚೆಂದ ಕಾಣುತ್ತದೆ — ನನಗೆ ಆ ಚೆಂದ ಬೇಕಿತ್ತು.

ಕೆಲವು ಚಳಿಗಾಲ ಕಳೆದ ಮೇಲೆ ಅಲ್ಲಿಂದ ಫೋಟೋಗಳು ಬಂದವು. ಕವರ್ ಬಿಚ್ಚಿದರೆ ಒಳಗೆ ಉಪ್ಪಿನ ಕೆಸರು, ತುಕ್ಕು ತಿಂದ ಬ್ರೇಕ್ ಪೈಪು. ಯಾರ ಜೀವಕ್ಕೂ ಏನೂ ಆಗಿರಲಿಲ್ಲ, ಆಗಬಹುದಿತ್ತು. ಮೇಲಧಿಕಾರಿ ಎಲ್ಲರೆದುರು ಕೇಳಿದರು: “ಒಬ್ರಿಗೂ ಇದು ಮೊದಲೇ ಹೊಳೀಲಿಲ್ವಾ?”

“ಆ ಭಾಗ ವೀಣಾದು ಸಾರ್. ಅವಳು ಹೇಳ್ಲೇ ಇಲ್ಲ,” ಅಂದೆ.

ನೀನು ನನ್ನನ್ನೇ ನೋಡಿದೆ. ನಾನೇ ತಿದ್ದಿಕೊಳ್ಳುತ್ತೇನೆಂದು ಕಾದೆಯೋ ಏನೋ... ಆಮೇಲೆ ನೀನೇ ತಲೆ ತಗ್ಗಿಸಿದೆ. ನಿನ್ನನ್ನು ಕೆಲಸಕ್ಕೆ ಸೇರಿಸಿದವಳು ನಾನು. ನೀನು ಎದುರಾಡುವುದಿಲ್ಲವೆಂಬುದು ನನಗೆ ಗೊತ್ತಿತ್ತು. ಆ ಧೈರ್ಯದ ಮೇಲೆಯೇ ಸುಳ್ಳು ಹೇಳಿದ್ದು. ನಿನ್ನನ್ನು ತಂಡದಿಂದ ತೆಗೆದರು, ನೀನು ಕೆಲಸವನ್ನೇ ಬಿಟ್ಟೆ. ನನಗೆ ಬಡ್ತಿ ಸಿಕ್ಕಿತು.

ಮೊನ್ನೆ ಪೀಣ್ಯದ ಕಾರ್ಖಾನೆಯೊಂದರಿಂದ ಫೋನ್ ಬಂತು. ನೀನು ಅಲ್ಲಿ ಕೆಲಸ ಕೇಳಿದ್ದೀಯಂತೆ. “ಮೇಡಂ, ಅವ್ರಿಂದ ಹಿಂದೆ ದೊಡ್ಡ ತಪ್ಪಾಗಿತ್ತಂತಲ್ಲ, ನಿಜಾನಾ?”

ಇಷ್ಟು ವರ್ಷವಾದರೂ ನನ್ನ ಸುಳ್ಳು ನಿನ್ನ ಬೆನ್ನು ಬಿಟ್ಟಿರಲಿಲ್ಲ.

“ತಪ್ಪು ನಂದು,” ಅಂದೆ. “ಅವಳು ಎಚ್ಚರಿಕೆ ಕೊಟ್ಟಿದ್ಲು. ಕೇಳದೇ ಇದ್ದಿದ್ದು ನಾನು.” ಫೋನಿಟ್ಟವಳೇ ಮೇಲಧಿಕಾರಿಯ ಕೋಣೆಗೆ ಹೋಗಿ ಅದನ್ನೇ ಹೇಳಿದೆ. “ಈಗ ಯಾಕ್ರೀ ಇದೆಲ್ಲಾ?” ಎಂದರು. ಯಾಕೆ ಇಷ್ಟು ತಡ ಎಂದು ಮಾತ್ರ ಕೇಳಲಿಲ್ಲ.

ಆ ಕೆಲಸ ಬೇರೊಬ್ಬರ ಪಾಲಾಯಿತೆಂದು ನಿನ್ನೆ ತಿಳಿಯಿತು.

ಭಾನುವಾರ ಚಿಕ್ಕಬಾಣಾವರದ ನಿಮ್ಮ ಮನೆಗೆ ಬರುತ್ತೇನೆ. ಕ್ಷಮೆ ಬೇಡಲು ಅಲ್ಲ; ನಡೆದದ್ದನ್ನು ನಿನ್ನ ಮನೆಯವರೆದುರು ನನ್ನ ಬಾಯಿಂದಲೇ ಹೇಳಲು. ಬಾಗಿಲು ತೆಗೆಯುವುದು, ಬಿಡುವುದು ನಿನಗೆ ಸೇರಿದ್ದು. ನಾನಂತೂ ಬರುತ್ತೇನೆ.