ಟಕಟಕ ಮಾವನ ಕಿವಿ

ಮಹಾವೀರರೆಲ್ಲ ಸಿಂಹಾಸನ ಕಂಡ ಕೂಡಲೇ ಹತ್ತಿ ಕೂತವರು. ಈ ಬಡಗಿ ಮಾತ್ರ ಸ್ಟೂಲು ಕೊಟ್ಟರೂ ಅದರ ಸಂದರ್ಶನ ಮುಗಿಸದೆ ಕೂರುತ್ತಿರಲಿಲ್ಲ. ಬೆರಳಿನ ಗೆಣ್ಣಿನಿಂದ ಮೂರು ಸಲ ಟಕ್ ಟಕ್ ಟಕ್, ಆಮೇಲೆ ಕಿವಿ ಹಚ್ಚುವುದು, ಕೊನೆಗೊಂದು ‘ಹೂಂ’. ಡಾಕ್ಟರ ಹತ್ತಿರ ಕೆಮ್ಮು ತೋರಿಸಲು ಹೋಗಿ, ಅವರ ಮೇಜಿಗೇ ಕಾಯಿಲೆ ಇದೆಯೆಂದು ಹೇಳಿ ಬಂದಿದ್ದ. ಮರದೊಳಗೆ ಗೆದ್ದಲುಗಳು ಆಡುವ ಮಾತು ಅವನಿಗೆ ಕೇಳಿಸುತ್ತದೆ, ದನಿ ಕೇಳಿಯೇ ಯಾವ ಕುಲದವೆಂದು ಹೇಳುತ್ತಾನೆ ಎಂದು ಬೀದಿಯವರು ನಂಬಿದ್ದರು. ಅಕ್ಕನ ಮಕ್ಕಳ ಬಾಯಲ್ಲಿ ಅವನು ‘ಟಕಟಕ ಮಾವ’.

ಅಕ್ಕ ಹೊಲಿಗೆಯವಳು. ಮುಂದಿನ ಕೋಣೆಯಲ್ಲಿ ಮೆಷಿನ್ನು, ಅದರ ಸುತ್ತ ಕತ್ತರಿಸಿಟ್ಟ ನೀಲಿ ಬಟ್ಟೆಯ ಗುಡ್ಡ. ಸೋಮವಾರ ಶಾಲೆ ತೆರೆಯುವಷ್ಟರಲ್ಲಿ ಅರವತ್ತು ಸಮವಸ್ತ್ರ ಆಗಬೇಕು. ಗುರುವಾರ ಬೆಳಿಗ್ಗೆ ಮರದ ಬೀರುವಿನ ಕೆಳಗೆ ರವೆ ಚೆಲ್ಲಿದಂಥ ಸಣ್ಣ ರಾಶಿ ಕಂಡಿತು. ಅಚ್ಚಾದದ್ದನ್ನೆಲ್ಲ ವೇದವಾಕ್ಯವೆಂದು ನಂಬುವ ಅವಳ ಗಂಡ, ಕರಪತ್ರವೊಂದನ್ನು ಹುಡುಕಿ ತೆಗೆದು ಗೆದ್ದಲಿನ ಔಷಧಿ ಕಂಪನಿಯವನನ್ನು ಕರೆಸಿಯೇಬಿಟ್ಟ.

ಬಂದವನಿಗೆ ಟೈ ಇತ್ತು. ಆದ್ದರಿಂದ ಜ್ಞಾನವೂ ಇದ್ದೇ ಇರಬೇಕಲ್ಲ! ಕಿಟಕಿಯ ಬಳಿ ರೆಕ್ಕೆಯ ಹುಳವೊಂದನ್ನು ಹಿಡಿದು ಸೀಸೆಗೆ ಹಾಕಿ ತೀರ್ಪು ಕೊಟ್ಟ: “ಮಣ್ಣಿನ ಗೆದ್ದಲು ಸಾರ್. ಮನೆ ತುಂಬಾ ಇದೆ. ಗೋಡೆ ಬುಡಕ್ಕೆಲ್ಲ ತೂತು ಕೊರೆದು ಔಷಧಿ ಬಿಡ್ಬೇಕು. ನಾಳೆಯಿಂದ ಐದು ದಿನ ಮನೆ ಖಾಲಿ ಮಾಡಿ.”

ಅಕ್ಕ ನೀಲಿ ಬಟ್ಟೆಯ ಗುಡ್ಡದತ್ತ ನೋಡಿದಳು. ಈ ಮೆಷಿನ್ನು ಹೊತ್ತು ಎಲ್ಲಿಗೆ ಹೋಗುವುದು? ಅರವತ್ತು ಮಕ್ಕಳು ಏನು ತೊಟ್ಟು ಶಾಲೆಗೆ ಹೋಗಬೇಕು? ತಮ್ಮನಿಗೆ ಫೋನು ಮಾಡಿದಳು.

ಟಕಟಕ ಮಾವ ಬಂದ. ಕೊಟ್ಟ ಕುರ್ಚಿಯನ್ನು ತಟ್ಟಿ, ಆಲಿಸಿ, ಕೂತು, ಮತ್ತೆ ಎದ್ದ. ಬೀರುವನ್ನು ತಟ್ಟಿದ. ಟೊಳ್ಳು ಸದ್ದು. ಕಿವಿ ಹಚ್ಚಿ ಕಣ್ಣು ಮುಚ್ಚಿದ.

“ಒಣಮರದ ಗೆದ್ದಲು,” ಎಂದ.

“ಅದ್ಹೇಗೆ ಹೇಳ್ತೀರಿ?” ಟೈನವನು ಕೆರಳಿದ.

“ಮಣ್ಣಿನದಾದ್ರೆ ಗೋಡೆ ಮೇಲೆ ಮಣ್ಣಿನ ದಾರಿ ಕಟ್ಕೊಂಡು ಬರುತ್ತೆ. ಎಲ್ಲಿದೆ, ತೋರ್ಸಿ.”

ಟೈ ನೆಲಕ್ಕೆ ತಾಗುವಂತೆ ಬಗ್ಗಿ ಟೈನವನು ನಾಲ್ಕೂ ಗೋಡೆ ಹುಡುಕಿದ. ಸಿಕ್ಕಿದ್ದು ಎರಡು ಗುಂಡಿ, ಒಂದು ಸೂಜಿ.

ಅಕ್ಕನ ಅಂಗೈಗೆ ತಮ್ಮ ಆ ಪುಡಿ ಸುರಿದ. “ಉಜ್ಜಿ ನೋಡಕ್ಕ. ಮಣ್ಣಲ್ಲ, ಗಟ್ಟಿ ಕಾಳು. ಒಣಮರದ್ದು ಒಳಗೇ ತಿಂದು, ಹಿಕ್ಕೇನ ತೂತಿಂದ ಹೊರಗೆ ತಳ್ಳುತ್ತೆ. ನಿನ್ನ ಗಂಡನಿಗಿಂತ ಶುಚಿ.”

“ನನ್ನನ್ಯಾಕೋ ಎಳೀತೀಯ?” ಎಂದ ಭಾವ.

“ಒದ್ದೆ ಮರದ್ದು ಅಂತ ಇನ್ನೊಂದು ಜಾತಿ ಇದೆ, ಅದಕ್ಕೆ ತೇವ ಬೇಕು. ಈ ಮನೇಲಿ ತೇವ ಇರೋದು ಅಕ್ಕನ ಕಣ್ಣಲ್ಲಿ ಮಾತ್ರ.”

“ಸೀಸೇಲಿರೋದಕ್ಕೆ ರೆಕ್ಕೆ ಇದೆಯಲ್ರೀ!” ಟೈನವನು ಕೊನೆಯ ಬಾಣ ಬಿಟ್ಟ.

“ಇರುವೆಗೂ ರೆಕ್ಕೆ ಬರುತ್ತೆ ಸ್ವಾಮಿ. ಸೊಂಟ ನೋಡಿ, ದಾರ ಕಟ್ಟಿದ ಹಾಗಿದೆ. ಗೆದ್ದಲಿಗೆ ಸೊಂಟವೇ ಇಲ್ಲ, ನಮ್ಮ ಭಾವನ ಹಾಗೆ.”

ಸೀಸೆ ಚೀಲ ಸೇರಿತು, ಟೈ ಬಾಗಿಲು ದಾಟಿತು. ಮನೆಯ ಉಳಿದ ಮರವನ್ನೆಲ್ಲ ತಟ್ಟಿ ನೋಡಿದ್ದಾಯಿತು, ಎಲ್ಲೂ ಟೊಳ್ಳಿಲ್ಲ. ಬೀರುವೊಂದನ್ನೇ ಔಷಧಿ ಹಾಕಲು ಅಂಗಳಕ್ಕೆ ಹೊತ್ತರು. ಅಕ್ಕ ಆಗಲೇ ಮೆಷಿನ್ನಿನ ಮುಂದೆ ಕೂತು ಪೆಡಲು ಒತ್ತಿದ್ದಳು.

ಭಾವನಿಗೆ ಬೆರಗು ಇಳಿದಿರಲಿಲ್ಲ. “ಅಲ್ಲಯ್ಯಾ, ಪುಡಿ ನೋಡೋಕೆ ಮುಂಚೇನೇ ಒಣಮರದ್ದು ಅಂದ್ಯಲ್ಲ, ಒಳಗೆ ಏನಯ್ಯಾ ಕೇಳ್ಸುತ್ತೆ ನಿಂಗೆ?”

“ಏನೂ ಕೇಳ್ಸಲ್ಲ ಭಾವ. ಈ ಬೀರು ಮಾಡಿದ್ದು ನಾನೇ ಅಲ್ವಾ? ಉಳಿದ ಹಲಗೇಲಿ ನಮ್ಮನೆಗೊಂದು ಕುರ್ಚಿ ಮಾಡ್ಕೊಂಡಿದ್ದೆ. ಅದರೊಳಗೂ ಇದೇ ಹುಳ ಇತ್ತು. ಹೋದ ವರ್ಷ ಕೂತೆ, ಬಿದ್ದೆ.”