ಕಿಮ್ಮತ್ತು ಇಲ್ಲದ ಕಳವುಗಳು

೧೯೪೭ರ ಜನವರಿ ಆರು, ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಗುರುಪಾದಯ್ಯನವರು ಒಂದು ದೊಡ್ಡ ಹಾಳೆಯ ಮೇಲೆ ರೂಳುದೊಣ್ಣೆ ಇಟ್ಟು ಏಳನೆಯ ಅಡ್ಡಗೆರೆ ಎಳೆಯುತ್ತಿದ್ದರು. ವರ್ಷಕ್ಕೊಂದು ಗೆರೆ. ೧೯೪೦ರಿಂದ ೧೯೪೬ರವರೆಗೆ ವಿಜಾಪುರದ ಪಶ್ಚಿಮ ಭಾಗದಲ್ಲಿ ಎಷ್ಟು ಕಳವು, ಎಷ್ಟು ಮನೆಮುರುಕು, ಎಷ್ಟು ಹೊಡೆದಾಟ ಆದವು ಎನ್ನುವ ತಖ್ತೆ ಸಂಜೆಯೊಳಗೆ ಸಿದ್ಧವಾಗಬೇಕಿತ್ತು.

ಅವರು ಠಾಣೆಯ ಬರಹದ ಜಮಾದಾರರು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಇಪ್ಪತ್ತೆರಡು ವರ್ಷ ಇದೇ ಮೇಜಿನ ಮುಂದೆ ಕಳೆದಿದ್ದರು. ತಮ್ಮ ಕೈಯಾರೆ ಒಬ್ಬ ಕಳ್ಳನನ್ನೂ ಹಿಡಿದವರಲ್ಲ. ಹಿಡಿದವರು ಹೇಳಿದ್ದನ್ನು, ಕಳೆದುಕೊಂಡವರು ಅತ್ತದ್ದನ್ನು ಬರೆದುಕೊಂಡವರು. ದಿನಾ ತೊರವಿಯಿಂದ ನಡೆದು ಬರುತ್ತಿದ್ದರು. ಈಚೆಗೆ ಎಡಮಂಡಿ ಹಿಡಿದುಕೊಳ್ಳುತ್ತಿದ್ದುದರಿಂದ ಐವತ್ತು ನಿಮಿಷದ ದಾರಿಗೆ ಎಪ್ಪತ್ತು ನಿಮಿಷ ಬೇಕಾಗುತ್ತಿತ್ತು. ಪೆನ್ಶನ್ನಿಗೆ ಇನ್ನು ಹದಿನಾಲ್ಕು ತಿಂಗಳು. ಹದಿನಾಲ್ಕು ತಿಂಗಳು ಎಂದರೆ ಎಷ್ಟು ಹೆಜ್ಜೆ ಎಂದು ಒಮ್ಮೆ ಲೆಕ್ಕ ಹಾಕಲು ಕೂತು, ಬೇಸರವಾಗಿ ಬಿಟ್ಟುಬಿಟ್ಟಿದ್ದರು.

ಮಧ್ಯಾಹ್ನ ಫೌಜದಾರ ಸದಾಶಿವರಾಯರು ತಖ್ತೆಯನ್ನು ನೋಡಿದರು. ಕಳವಿನ ಕಾಲಮಿನಲ್ಲಿ ಬೆರಳು ಮೇಲಿನಿಂದ ಕೆಳಗಿಳಿಯಿತು. ಮೂವತ್ತೊಂದು, ಇಪ್ಪತ್ತೊಂಬತ್ತು, ಮೂವತ್ತಾರು, ಮೂವತ್ನಾಲ್ಕು. ಅಲ್ಲಿಂದ ಐವತ್ತೆರಡು, ಅರವತ್ತೊಂದು, ಎಪ್ಪತ್ಮೂರು.

“ಮೂರು ವರ್ಷದಾಗ ದುಪ್ಪಟ್ಟು ದಾಟೇತಲ್ಲೋ ಜಮಾದಾರ. ದೊಡ್ಡ ಸಾಹೇಬರು ಕಾರಣ ಕೇಳ್ತಾರ. ಏನ್ ಬರೀಲಿ?”

“ಊರು ಬೆಳದೈತ್ರಿ. ಅಥಣಿ ರಸ್ತೆದಾಗ ಹೊಸ ಮನಿ ಎದ್ದಾವು.”

“ಮನಿ ಎದ್ರ ಮನಿ ಕಳವು ಹೆಚ್ಚಾಗಬೇಕು. ಮನಿಮುರುಕು ಇದ್ದಷ್ಟ ಐತಿ. ನಾ ಹಾಜರಿ ಮಂದಿ ಹೆಸರು ಬರೀತೀನಿ. ಹನ್ನೊಂದೂ ಮಂದೀನ್ನ ಹೆಂಡ್ರು ಮಕ್ಕಳ ಸಮೇತ ತಂತಿಬೇಲಿ ವಸಾಹತಿಗೆ ಕಳಸಬೇಕಂತ ಶಿಫಾರಸು. ಹದಿನೈದು ದಿನದಾಗ ಹುಕುಂ ಬರತೈತಿ.”

ಫೌಜದಾರರು ಕೆಟ್ಟವರಲ್ಲ. ಖಾಲಿ ಕಾಲಮು ಕಂಡರೆ ಅವರಿಗೆ ತಡೆಯದು, ಅಷ್ಟೇ. ಗುರುಪಾದಯ್ಯನವರೂ ಎದುರಾಡಲಿಲ್ಲ. ಕಳವು ಹೆಚ್ಚಾಗಿದೆ ಎಂದು ಅವರೂ ನಂಬಿದ್ದರು. ತಮ್ಮದೇ ಅಂಕಿಗಳನ್ನು ನೋಡಿ ಹೋದ ವರ್ಷ ತೊರವಿಯ ಮನೆಗೆ ಎರಡನೆಯ ಕೀಲಿ ತಂದು ಹಾಕಿದ್ದರು. “ಮನ್ಯಾಗ ಏನೈತಂತ ಎರಡು ಕೀಲಿ ಯಪ್ಪಾ? ನಮ್ಮಕ್ಕನ್ನ ಒಳಗ ಇಟ್ಟು ಹಾಕ್ತೀಯೇನು?” ಎಂದು, ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದ ಶಿಪಾಯಿ ದಾವಲಸಾಬ ಎಂಟು ದಿನ ಕಾಡಿದ್ದ.

ಹಾಜರಿ ಮಂದಿ ಎಂದರೆ ಹಿಂದೆಂದೋ ಶಿಕ್ಷೆಯಾದವರು. ಪ್ರತಿದಿನ ಸಂಜೆ ಐದಕ್ಕೆ ಠಾಣೆಗೆ ಬಂದು ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ ಹೋಗಬೇಕು. ತಂತಿಬೇಲಿ ವಸಾಹತೆಂದರೆ ಇಂಥವರನ್ನು ಸಂಸಾರ ಸಮೇತ ಕೂಡಿಹಾಕುವ ಸರಕಾರಿ ಕಾವಲಿನ ಕೇರಿ. ಆ ಹನ್ನೊಂದು ಮಂದಿಯಲ್ಲಿ ಅಮರಪ್ಪನೂ ಒಬ್ಬ. ಮಮದಾಪುರದ ಕೆರೆಯಂಗಳದಲ್ಲಿ ಕುರಿ ಕಾಯುತ್ತಿದ್ದಾಗ ಇನ್ನೊಬ್ಬರ ಎರಡು ಕುರಿ ಅವನ ಹಿಂಡಿನಲ್ಲಿ ಸಿಕ್ಕಿ ಮೂರು ತಿಂಗಳ ಸಜೆಯಾಗಿತ್ತು. ಹದಿನಾರು ವರ್ಷದ ಹಿಂದಿನ ಮಾತು. ಈಗ ಅಥಣಿ ರಸ್ತೆಯ ಹೊಸ ಮನೆಗಳಿಗೆ ಕಲ್ಲು ಹೊರುತ್ತಿದ್ದ. ಒಡೆದು ಉಳಿದ ಕಲ್ಲುಗಳನ್ನು ಕೇಳಿ ತಂದು ತನಗೂ ಒಂದು ಕೋಣೆ ಕಟ್ಟಿಕೊಳ್ಳುತ್ತಿದ್ದ.

ಅಂದು ಸಂಜೆ ಹೆಬ್ಬೆಟ್ಟು ಒತ್ತಿ ಗೋಡೆಗೆ ಒರೆಸಿಕೊಂಡವನು ಹೊರಗೆ ಹೋಗಲಿಲ್ಲ.

“ಅಯ್ಯಾರ, ನಮ್ಮನ್ನ ಬೇಲಿಗೆ ಹಾಕ್ತಾರಂತ ಮಂದಿ ಮಾತಾಡಾಕತ್ತಾರ. ಖರೇ ಏನ್ರಿ?”

“ಯಾರಂದ್ರು?”

“ಹೊರಗ ಎಲ್ಲಾರಿಗೂ ಗೊತ್ತೈತ್ರಿ. ಒಂದ ಮಾತು ಹೇಳಿಬಿಡ್ರಿ. ಮಾಳಿಗಿಗೆ ಜಂತಿ ತಂದು ಒಟ್ಟೇನಿ. ನಾಕು ದಿನದ ಕೆಲಸ. ನನ್ನ ಹೇಣ್ತಿ ಕಾಳವ್ವ ಯಾವಾಗ ಮುಗಸ್ತೀ ಅಂತ ದಿನಾ ಕೇಳ್ತಾಳ. ಜಂತಿ ಏರಸಲೋ, ಮಾರಲೋ?”

ಗುರುಪಾದಯ್ಯನವರಿಗೆ ಸುಳ್ಳು ಹೇಳುವುದೂ ಬೇಡವಾಗಿತ್ತು, ಖರೆ ಹೇಳುವುದೂ ಬೇಡವಾಗಿತ್ತು. “ಶುಕ್ರವಾರ ಕೇಳು,” ಎಂದರು.

ಮರುದಿನ ಏಳೂ ವರ್ಷದ ವಹಿಗಳನ್ನು ಇಳಿಸಿ ಧೂಳು ಕೊಡವಿದರು. ಹನ್ನೊಂದು ಮಂದಿ ನಿಜಕ್ಕೂ ಕದ್ದಿದ್ದರೆ ಅದು ವಹಿಯಲ್ಲಿ ಕಾಣಬೇಕು. ಸುಗ್ಗಿಗೆ ಮುಂಚೆ, ಕೆಲಸವಿಲ್ಲದ ತಿಂಗಳುಗಳಲ್ಲಿ ಕಳವು ಏರಿರಬೇಕು. ತಿಂಗಳುವಾರು ಚುಕ್ಕೆ ಇಡುತ್ತ ಹೋದರು. ಹಾಗೇನೂ ಕಾಣಲಿಲ್ಲ. ಪ್ರತಿ ತಿಂಗಳ ಮೊದಲ ವಾರ ಚುಕ್ಕೆಗಳು ಇರುವೆ ಮುತ್ತಿದ ಹಾಗೆ ಕೂಡಿದ್ದವು. ಮೊದಲ ವಾರಕ್ಕೇ ಯಾಕೆ ಎಂದು ಬೆರಳನ್ನು ಬಲಕ್ಕೆ ಸರಿಸಿದರು. ‘ಹೋದ ಮಾಲು: ರೇಷನ್ ಚೀಟಿ ಒಂದು. ಕಿಮ್ಮತ್ತು: ಇಲ್ಲ.’ ಕೆಳಗಿನ ಸಾಲಿನಲ್ಲೂ ಅದೇ. ಪುಟ ಮಗುಚಿದರು. ಅಲ್ಲೂ ಅದೇ. ಅಕ್ಷರ ಅವರದೇ, ದುಂಡಗೆ, ಎಲ್ಲೂ ಕಾಟು ಹೊಡೆಯದೆ ಬರೆದದ್ದು.

ಅವರಿಗೆ ಸಖೂಬಾಯಿಯ ನೆನಪಾಯಿತು. ಅಥಣಿ ರಸ್ತೆಯಲ್ಲಿ ಇಬ್ಬರು ಮಕ್ಕಳೊಂದಿಗಿದ್ದ ವಿಧವೆ. ೧೯೪೪ರಲ್ಲಿ, ಜೋಳ ಚೀಟಿಯ ಮೇಲೆ ತಿಂಗಳ ಮೊದಲ ವಾರ ಮಾತ್ರ ಸಿಗತೊಡಗಿದ ವರ್ಷ, ತಿಂಗಳ ಎರಡನೆಯ ದಿನ ಠಾಣೆಯ ಮೆಟ್ಟಿಲ ಮೇಲೆ ಬಂದು ಕೂತಿದ್ದಳು.

“ಚೀಟಿ ಆಡು ತಿಂತ್ರಿ ಅಯ್ಯಾರ. ಕಿಟಕ್ಯಾಗ ಇಟ್ಟಿದ್ದೆ.”

“ಪೂರಾ ತಿಂತೋ, ತುಂಡಾದ್ರೂ ಉಳದೈತೋ?”

“ಮೂಲಿ ಒಂದ ಐತ್ರಿ. ಕಚೇರಿಯವ್ರು ಕಳದ ಚೀಟಿಗೆ ಮೂರು ತಿಂಗಳು ಚೌಕಶಿ ಅಂತಾರ. ಮೂರು ತಿಂಗಳು ಏನ್ ಆಡಿನ ಗತೆ ಕಾಗದಾ ತಿನ್ಲೇನ್ರಿ?”

ಕಳವಾಯಿತೆಂದು ಠಾಣೆಯ ರಸೀದಿ ತೋರಿಸಿದರೆ ಮೂರನೆಯ ದಿನ ಹೊಸ ಚೀಟಿ. ಗುರುಪಾದಯ್ಯನವರು ಬರೆದುಕೊಟ್ಟರು: ಅಜ್ಞಾತ ಕಳ್ಳ. ಆಕೆ ನೆರೆಯವಳಿಗೆ ಹೇಳಿದಳು, ನೆರೆಯವಳು ತವರಿಗೆ. ತೊಯ್ದ ಚೀಟಿ, ಒಲೆಗೆ ಬಿದ್ದ ಚೀಟಿ, ಇಲಿ ಕಡಿದ ಚೀಟಿ ಎಲ್ಲ ಈ ಮೇಜಿಗೆ ಬಂದವು. ಅವರು ಯಾರನ್ನೂ ತಿರುಗಿಸಿ ಕಳುಹಿಸಲಿಲ್ಲ. ಬರೆದ ಸಂಜೆಗೇ ಮರೆತರು. ವರ್ಷದ ಕೊನೆಗೆ ಮೊತ್ತ ಹಾಕಿ, ಊರು ಕೆಟ್ಟಿತೆಂದು ನಿಟ್ಟುಸಿರು ಬಿಟ್ಟರು.

ಈಗ ಒಂದೊಂದನ್ನೇ ಎಣಿಸಿದರು. ಚೀಟಿಯ ಕಳವು ಒಟ್ಟು ಎಂಬತ್ತೊಂಬತ್ತು. ಅದರಲ್ಲಿ ಎರಡು ಖರೆ. ೧೯೪೫ರಲ್ಲಿ ಬಟ್ಟೆಯ ಗಂಟಿನ ಸಮೇತ ಹೋದವು. ಅವನ್ನು ತೆಗೆದು ಬದಿಗಿಟ್ಟರು. ಉಳಿದವನ್ನು ಕಳೆದಾಗ ಕೊನೆಯ ಮೂರು ವರ್ಷ ಮೂವತ್ಮೂರು, ಮೂವತ್ನಾಲ್ಕು, ಮೂವತ್ತೆರಡಕ್ಕೆ ಬಂದು ನಿಂತವು. ಯುದ್ಧ ನಡೆದರೂ ಜೋಳ ತುಟ್ಟಿಯಾದರೂ ಊರಿನ ಕಳ್ಳರು ಇದ್ದಷ್ಟೇ ಕದ್ದಿದ್ದರು. ಹೆಚ್ಚಿಗೆ ಕಂಡ ಕಳ್ಳನೆಂದರೆ ಈ ಮೇಜಿನ ಹಿಂದೆ ಕೂತವನೇ.

ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ಗುರುಸಿದ್ದವ್ವನಿಗೆ ಹೇಳಿದರು. ಆಕೆ ರೊಟ್ಟಿ ಬಡಿಯುತ್ತಲೇ ಕೇಳಿದಳು.

“ಸುಳ್ಳು ಬರದೇನಂತ ಹೇಳಿದ್ರ ತೋಳಿನ ಪಟ್ಟಿ ಕಿತ್ಗೋತಾರೇನು?”

“ಕಿತ್ಗೋತಾರ. ಪೆನ್ಶನ್ನೂ ಅರ್ಧಾ ಹೋದೀತು.”

“ಹೇಳಲಿಲ್ಲಂದ್ರ?”

“ಹನ್ನೊಂದು ಮನಿ ಬೇಲ್ಯಾಗ ಹೋಗ್ತಾವು.”

ಆಕೆ ರೊಟ್ಟಿಯನ್ನು ಹಂಚಿಗೆ ಹಾಕಿದಳು. “ಹಂಗಾರ ಆ ಎರಡನೇ ಕೀಲಿ ಮಾರ್ರಿ. ಸುಮ್ನ ಕೂತೈತಿ,” ಎಂದಳು. ಅವರ ಮೂವತ್ತು ವರ್ಷದ ಸಂಸಾರದಲ್ಲಿ ಒಪ್ಪಿಗೆ ಸಿಗುತ್ತಿದ್ದುದು ಈ ರೀತಿಯೇ.

ಬುಧವಾರ ಫೌಜದಾರರ ಮುಂದೆ ಎರಡನೆಯ ತಖ್ತೆ ಇಟ್ಟರು. ಅವರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹದಿನಾಲ್ಕು ತಿಂಗಳು ಸುಮ್ನ ಕೂತಿದ್ರ ಆಗ್ತಿತ್ತಲ್ಲೋ.”

“ಕೂತು ಕೂತ ಇಷ್ಟಾಗೇತ್ರಿ.”

“ಇದನ್ನ ಕಳಿಸಿದ್ರ ನಾನೂ ಉತ್ತರ ಕೊಡಬೇಕು.”

“ನೀವು ಬರೇ ಸಹಿ ಮಾಡೀರಿ. ಬರದಾವ ನಾನು. ಹಂಗಂತನ ಕೆಳಗ ಬರದೇನ್ರಿ.”

ಫೌಜದಾರರು ಹಾಜರಿ ಮಂದಿಯ ಶಿಫಾರಸನ್ನು ಹರಿಯಲಿಲ್ಲ. ಎರಡು ತಖ್ತೆಗಳ ಜೊತೆ ಅದನ್ನೂ ಮೇಲಕ್ಕೆ ಕಳುಹಿಸಿದರು. ಶುಕ್ರವಾರ ಅಮರಪ್ಪ ಬಂದು ನಿಂತಾಗ ಮೇಲಿನ ಉತ್ತರ ಬಂದಿರಲಿಲ್ಲ. ಗುರುಪಾದಯ್ಯನವರು ಅವನ ಹೆಬ್ಬೆಟ್ಟನ್ನು ಮಸಿಯ ಮೇಲೆ ತಾವೇ ಒತ್ತಿಸಿ, “ಏರಸು,” ಎಂದರು. ಲೆಕ್ಕ ಮುಗಿಯುವ ಮೊದಲೇ ಉತ್ತರ ಹೇಳಿದ್ದು ಅವರ ನೌಕರಿಯಲ್ಲಿ ಅದೊಂದೇ ಸಲ.

ಫೆಬ್ರುವರಿಯಲ್ಲಿ ದೊಡ್ಡ ಸಾಹೇಬರು ಚೌಕಶಿಗೆ ಬಂದರು. ಹನ್ನೊಂದು ಮಂದಿಯ ಕಾಗದ ತಿರಸ್ಕಾರವಾಯಿತು. ಹಾಜರಿ ಮಾತ್ರ ನಿಲ್ಲಲಿಲ್ಲ. ಅಮರಪ್ಪ ಇನ್ನೂ ಎರಡು ವರ್ಷಕ್ಕಿಂತ ಹೆಚ್ಚು ಕಾಲ ದಿನಾ ಐದಕ್ಕೆ ಬಂದು ಹೆಬ್ಬೆಟ್ಟು ಒತ್ತಿದ, ಆದರೆ ತನ್ನ ಮಾಳಿಗೆಯ ಕೆಳಗಿನಿಂದ ಎದ್ದು ಬಂದು. ಗುರುಪಾದಯ್ಯನವರ ತೋಳಿನ ಪಟ್ಟಿ ಹೋಯಿತು. ಉಳಿದ ತಿಂಗಳುಗಳನ್ನು ಸಾದಾ ಶಿಪಾಯಿಯಾಗಿ ಟಿಕೋಟಾ ನಾಕಾದಲ್ಲಿ ಬಂಡಿಗಳನ್ನು ನೋಡುತ್ತ ನಿಂತು ಕಳೆದರು. ಮಂಡಿ ಪೂರ್ತಿ ಕೆಟ್ಟಿತು. ಠಾಣೆಗೆ ಬಂದ ಹೊಸ ಬರಹದವನು ಚೀಟಿಗಳಿಗೆಂದು ‘ಕಳೆದದ್ದು’ ಎಂಬ ಬೇರೆ ವಹಿ ತೆರೆದ. ಆ ವರ್ಷ ವಿಜಾಪುರದ ಪಶ್ಚಿಮ ಭಾಗದಲ್ಲಿ ಕಳವು ಅರ್ಧಕ್ಕಿಂತ ಕೆಳಗಿಳಿಯಿತೆಂದು ಫೌಜದಾರರಿಗೆ ಶಾಭಾಸಕಿಯ ಪತ್ರ ಬಂತು. ದಾವಲಸಾಬ ಟಿಕೋಟಾಕ್ಕೆ ಬಂದಾಗ ಅದನ್ನು ಹೇಳಿ ನಕ್ಕ. ಗುರುಪಾದಯ್ಯನವರು ನಗಲಿಲ್ಲ, ಬೇಸರವನ್ನೂ ಪಡಲಿಲ್ಲ, “ಎಷ್ಟಂತ?” ಎಂದಷ್ಟೇ ಕೇಳಿದರು.

ಚೌಕಶಿಯ ದಿನ ಸಾಹೇಬರು ಇಡೀ ಒಂದು ತಾಸು ಪ್ರಶ್ನೆ ಕೇಳಿದ್ದರು. ಗುರುಪಾದಯ್ಯನವರ ಮಂಡಿ ನೋಯುತ್ತಿತ್ತು, ಕೂಡು ಎಂದು ಯಾರೂ ಹೇಳಲಿಲ್ಲ. ಕೊನೆಗೆ ಸಾಹೇಬರು ವಹಿ ಮುಚ್ಚಿ, ಕಳವಲ್ಲ ಎಂದು ಗೊತ್ತಿದ್ದೂ ನೀನು ಕಳವೆಂದು ಬರೆದದ್ದು ಎಷ್ಟು, ಸುಮಾರಾಗಿ ಹೇಳಿದರೂ ಸಾಕು ಎಂದರು. ಸುಮಾರು ಎಂಬ ಮಾತು ಜಮಾದಾರರಿಗೆ ಹಿಡಿಸಲಿಲ್ಲ. ಭಾರವನ್ನು ಬಲಗಾಲಿಗೆ ಹಾಕಿಕೊಂಡು, ಹಾಜರಿ ಕೂಗುವ ದನಿಯಲ್ಲೇ ಹೇಳಿದರು:

“ಎಂಬತ್ತೇಳು.”