ನೆಟ್ಟಗಿದ್ದ ಪುಟ

ಬಟ್ಟೆಯಂಗಡಿಗಳ ಹಿಂದಿನ ಓಣಿಯಲ್ಲಿ ಆಲ್ಟರೇಶನ್ ಮಾಡುತ್ತಿದ್ದ ಟೈಲರಮ್ಮನೆಂದರೆ ಗಿರಾಕಿಗಳಿಗೂ ಕೊಂಚ ಅಳುಕು. ಪ್ಯಾಂಟಿನ ಉದ್ದ ಅರ್ಧ ಇಂಚು ಹೆಚ್ಚುಕಡಿಮೆಯಾಯಿತೆಂದು ತಕರಾರು ತೆಗೆದವರು, ಅವಳು ಟೇಪು ಕೈಗೆತ್ತಿಕೊಂಡರೆ ಸಾಕು, ತೆಪ್ಪಗಾಗುತ್ತಿದ್ದರು. ಇಂಥ ಗಟ್ಟಿಗಿತ್ತಿ ದಿನಾ ಸಂಜೆ ಆರಕ್ಕೆ ಮಗಳ ನೋಟ್‌ಬುಕ್ಕಿಗೆ ಹೆದರಿ ಬೆವರುತ್ತಿದ್ದಳೆಂದರೆ ಯಾರು ತಾನೇ ನಂಬುತ್ತಿದ್ದರು?

ಅವಳಿಗೆ ಓದಲು ಬರುತ್ತಿರಲಿಲ್ಲ. ಅಂಕಿಗಳನ್ನು ಟೇಪು ಕಲಿಸಿತ್ತು. ಸಹಿಯನ್ನು ಕಸೂತಿಯ ಹಾಗೆ ನೋಡಿ ನೋಡಿ ಕೈಗೆ ರೂಢಿ ಮಾಡಿಕೊಂಡಿದ್ದಳು. ನಾಲ್ಕನೇ ತರಗತಿಯ ಮಗಳ ಹೋಂವರ್ಕನ್ನು ಮನೆಯವರು ಓದಿ ಸಹಿ ಹಾಕಬೇಕೆಂಬುದು ಶಾಲೆಯ ನಿಯಮ. ಗಂಡ ಲಾರಿ ಹತ್ತಿದರೆ ಮನೆ ಕಾಣುವುದು ತಿಂಗಳಿಗೊಮ್ಮೆ. ತನಗೆ ಅಕ್ಷರ ಬಾರದೆಂದು ಗೊತ್ತಾದರೆ ಮಗಳು ತನ್ನನ್ನು ಲೆಕ್ಕಕ್ಕೇ ಇಡುವುದಿಲ್ಲವೆಂಬ ಭಯ ಅವಳ ಎದೆಯಲ್ಲಿ ಬೇರೂರಿತ್ತು.

ಹಾಗಾಗಿ ಬಟ್ಟೆ ನೋಡುವಂತೆ ಪುಟ ನೋಡುತ್ತಿದ್ದಳು. ಸಾಲು ನೆಟ್ಟಗಿದೆಯೇ, ಅಂತರ ಸಮವಾಗಿದೆಯೇ, ಅಷ್ಟೇ. ಸುಮ್ಮನೆ ಸಹಿ ಹಾಕಿದರೆ ಅನುಮಾನ ಬಂದೀತೆಂದು ದಿನಕ್ಕೊಂದಾದರೂ ತಪ್ಪು ಹುಡುಕುತ್ತಿದ್ದಳು. ಡೊಂಕು ಹೊಲಿಗೆ ಬಿಚ್ಚಿಸಿದ ಹಾಗೆ ಡೊಂಕು ಸಾಲುಗಳನ್ನು ಅಳಿಸಿಸುತ್ತಿದ್ದಳು.

"ಇದೇನಿದು, ಕೋಳಿ ಕೆದರಿದ ಹಾಗೆ? ಅಳಿಸು. ಮೊದಲಿಂದ ಬರಿ."

"ಉತ್ತರ ಸರಿಯಾಗೇ ಇದೆ ಅಮ್ಮ."

"ಓದಿದ್ದು ನಾನು. ನನಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ, ಪಾಪ. ಹುಡುಗಿ ಮೂಗು ಸುರಿಸುತ್ತ ರಬ್ಬರು ಉಜ್ಜಿದಳೆಂದರೆ ಕೆಲವೊಮ್ಮೆ ಪುಟವೇ ತೂತಾಗುತ್ತಿತ್ತು. ಬೈದ ಮೇಲೆ ಟೈಲರಮ್ಮನಿಗೂ ಸಂಕಟವಾಗುತ್ತಿತ್ತು, ಆದರೆ ಬೈಯದೆ ಇರಲು ಧೈರ್ಯ ಸಾಲುತ್ತಿರಲಿಲ್ಲ.

ಒಂದು ಸೋಮವಾರ ಹುಡುಗಿ ಪುಸ್ತಕ ತಂದು ಮುಂದಿಟ್ಟಳು. ಐದಾರೇ ಸಾಲು. ಸ್ಕೇಲು ಹಿಡಿದು ಬರೆದಷ್ಟು ನೆಟ್ಟಗಿದ್ದವು.

"ಬರವಣಿಗೆ ಅಂದ್ರೆ ಇದು ನೋಡು," ಎಂದು ಟೈಲರಮ್ಮ ಖುಷಿಯಿಂದಲೇ ಸಹಿ ಹಾಕಿದಳು.

ಹುಡುಗಿ ಆ ಸಹಿಯನ್ನೇ ನೋಡುತ್ತ ನಿಂತಳು. ರಾತ್ರಿ ಊಟ ಸೇರಲಿಲ್ಲ. ಹೊಟ್ಟೆನೋವಿರಬೇಕೆಂದು ಅಮ್ಮ ಬಿಸಿನೀರು ಕುಡಿಸಿ ಮಲಗಿಸಿದಳು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯಿಂದ ಫೋನು ಬಂತು, ತಕ್ಷಣ ಬನ್ನಿ ಎಂದು. ಅರ್ಧ ಹೊಲಿದ ಪರದೆಯನ್ನು ಮಷಿನ್ನಿನಲ್ಲೇ ಬಿಟ್ಟು ಓಡಿದಳು. ಮಗಳು ಮೆಟ್ಟಿಲಿನಿಂದ ಬಿದ್ದಳೋ ಏನೋ ಎಂದು ದಾರಿಯುದ್ದಕ್ಕೂ ದೇವರಿಗೆ ಹರಕೆ ಹೊರುತ್ತಿದ್ದಳು.

ಮಗಳು ಸ್ಟಾಫ್ ರೂಮಿನ ಬೆಂಚಿನ ಮೇಲೆ ಕೂತಿದ್ದಳು. ಬಾಯ್ದೆರೆದ ಅವಳ ಶಾಲಾಚೀಲದಲ್ಲಿ ಎರಡು ಫ್ರಾಕು, ಒಂದು ಬಾಚಣಿಗೆ ಮತ್ತು ಅದೇ ನೋಟ್‌ಬುಕ್ಕು.

"ಬಸ್ ಸ್ಟಾಪಲ್ಲಿ ಒಬ್ಬಳೇ ನಿಂತಿದ್ಲು, ನಮ್ಮ ವಾಚ್‌ಮನ್ ನೋಡಿ ಕರ್ಕೊಂಡು ಬಂದ," ಎಂದರು ಕ್ಲಾಸಿನ ಮಿಸ್. ಪುಟ ತೆರೆದು ಅವಳ ಮುಂದೆ ಹಿಡಿದರು. "ಇದನ್ನ ಓದಿ ಸಹಿ ಹಾಕಿದೀರಲ್ಲ, ಹೇಗಾದ್ರೂ ಮನಸ್ಸು ಬಂತು ನಿಮಗೆ?"

ಮುಂದಿದ್ದವು ಆ ನೆಟ್ಟನೆಯ ಸಾಲುಗಳು.

"ಒಂದ್ಸಲ ನೀವೇ ಓದಿ ಮಿಸ್."

ಮಿಸ್ ಓದಿದರು. "ಅಮ್ಮ, ನಾನು ಹೇಗೆ ಬರೆದರೂ ನಿನಗೆ ಸರಿಹೋಗುವುದಿಲ್ಲ. ಸಂಜೆಯಾದರೆ ನನಗೆ ಭಯವಾಗುತ್ತದೆ. ನಾನು ದೊಡ್ಡಮ್ಮನ ಮನೆಗೆ ಹೋಗಿ ಅಲ್ಲೇ ಇರುತ್ತೇನೆ. ನಾನು ನಿನಗೆ ಬೇಕು ಅಂದರೆ ಇದಕ್ಕೆ ಸಹಿ ಹಾಕಬೇಡ."

ಅವಸರದಲ್ಲಿ ನೋಡಲಿಲ್ಲ ಎಂದು ಹೇಳಿ ಪಾರಾಗಬಹುದಿತ್ತು. ಆ ಮಾತು ಅವಳ ಬಾಯಿಯವರೆಗೆ ಬಂದಿತ್ತು ಕೂಡ. ಆದರೆ ಮಗಳು ತಲೆ ಎತ್ತಿರಲಿಲ್ಲ. ಬೇಡವೆಂದು ಕಳಿಸಿಕೊಟ್ಟ ಅಮ್ಮನನ್ನು ಏಕೆ ನೋಡಬೇಕು? ಟೈಲರಮ್ಮ ಬೆಂಚಿನ ಮುಂದೆ ನೆಲದ ಮೇಲೆ ಕೂತಳು.

"ನನಗೆ ಓದೋಕೆ ಬರಲ್ಲ ಕಣೇ. ಒಂದಕ್ಷರಾನೂ ಬರಲ್ಲ."

ಹುಡುಗಿ ನಿಧಾನವಾಗಿ ತಲೆ ಎತ್ತಿದಳು. "ಹೋಗು ಅಂತ ಸಹಿ ಹಾಕಿದ್ದಲ್ವಾ?"

"ಅಲ್ಲಮ್ಮ, ಅಲ್ಲ."

"ಮತ್ತೆ ದಿನಾ ಯಾಕೆ ಅಳಿಸಿಸ್ತಿದ್ದೆ?"

"ನಿನಗೆ ಗೊತ್ತಾಗಿಬಿಡುತ್ತೆ ಅನ್ನೋ ಭಯಕ್ಕೆ."

ಹುಡುಗಿ ಚೀಲವನ್ನು ಮಡಿಲಿಗೆ ಎಳೆದುಕೊಂಡು ಅಮ್ಮನ ಮುಖವನ್ನೇ ನೋಡಿದಳು. ಮನೆಗೆ ಬಾ ಎಂದು ಕರೆಯಲು ಟೈಲರಮ್ಮನಿಗೆ ಧೈರ್ಯ ಬರಲಿಲ್ಲ.